ಹೆಲಿಕಾಪ್ಟರ್ ಹೊತ್ತ ಯುದ್ಧನೌಕೆಗಳು

ಯುದ್ಧನೌಕೆ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ದೊಡ್ಡ ದೊಡ್ಡ ಫಿರಂಗಿಗಳನ್ನು ಹೊತ್ತ ಉಕ್ಕಿನ ಕೋಟೆ. ಅದಲ್ಲವಾದರೆ, ಮೈದಾನದಂತಹ ಮೇಲಟ್ಟದ ಮೇಲೆ ಸಾಲುಸಾಲಾಗಿ ವಿಮಾನಗಳನ್ನು ನಿಲ್ಲಿಸಿಕೊಂಡ ವಿಮಾನವಾಹಕ ನೌಕೆ. ಇವೆರಡರ ನಡುವೆ ಮೂರನೆಯ ಬಗೆಯೊಂದುಂಟು. ಅದನ್ನು ಮುಂದಿನಿಂದ ನೋಡಿದರೆ ಫಿರಂಗಿಯೂ ಕ್ಷಿಪಣಿಯೂ ಇರುವ ಕ್ರೂಸರ್. ಹಿಂದಿನಿಂದ ನೋಡಿದರೆ ಹೆಲಿಕಾಪ್ಟರುಗಳು ಏರಿ ಇಳಿಯುವ ಬರಿಯ ಬಯಲು. 1960ರಿಂದ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಇಟಲಿ, ಫ್ರಾನ್ಸ್, ಸೋವಿಯೆತ್ ರಷ್ಯ ಮತ್ತು ಬ್ರಿಟನ್ ಈ ನಾಲ್ಕು ದೇಶಗಳೂ ಇಂತಹ ಹಡಗುಗಳನ್ನು ಹೊಸದಾಗಿ ಕಟ್ಟಿದವು, ಇಲ್ಲವೆ ಹಳೆಯ ಹಡಗನ್ನು ತಿದ್ದಿ ಮಾಡಿಕೊಂಡವು.

ಅಲೆಯ ಸದ್ದು ಕೇಳದ ಬಯಲುಸೀಮೆಯ ಕಾಲೇಜಿನಲ್ಲಿ ಕುಳಿತು ಯೂರೋಪಿನ ನೌಕೆಗಳ ಮಾತೇಕೆ ಎಂದು ಮಿತ್ರರು ಕೇಳಬಹುದು. ನಾನು ಇತಿಹಾಸದ ವಿದ್ಯಾರ್ಥಿಯೇ ಹೊರತು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಈ ಹಡಗುಗಳಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಒಂದೇ ಕಾರಣದಿಂದ. ಒಂದೇ ಯಂತ್ರ ನಾಲ್ಕು ದೇಶಗಳ ಕೈಗೆ ಬಂದಿತು. ನಾಲ್ವರೂ ಹೆಚ್ಚು ಕಡಿಮೆ ಒಂದೇ ರೂಪದ ಹಡಗನ್ನು ಮಾಡಿದರು. ಆದರೆ ಮಾಡಿದ ಕಾರಣ ಒಬ್ಬೊಬ್ಬರದು ಒಂದೊಂದು. ಇಟಲಿಗೆ ಕಾನೂನು, ಫ್ರಾನ್ಸಿಗೆ ಪಾಠಶಾಲೆ, ರಷ್ಯಕ್ಕೆ ಭಯ, ಬ್ರಿಟನ್ನಿಗೆ ಬಡತನ. ಹಡಗಿನ ರೂಪವನ್ನು ಇಂಜಿನಿಯರನೊಬ್ಬನೇ ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿಲ್ಲ.

ಮೊದಲು ಯಂತ್ರದ ವಿಚಾರ. ವಿಮಾನಕ್ಕೆ ಓಟ ಬೇಕು. ರೆಕ್ಕೆಯ ಮೇಲೆ ಗಾಳಿ ರಭಸದಿಂದ ಹರಿದಾಗ ಮಾತ್ರ ಅದು ಮೇಲೇಳುತ್ತದೆ. ಆದುದರಿಂದಲೇ ವಿಮಾನವಾಹಕ ನೌಕೆಗಳು ಅಷ್ಟು ಉದ್ದವಾಗಿರುತ್ತವೆ. ಬ್ರಿಟನ್ನಿನಲ್ಲಿ ಕಟ್ಟಿ 1961ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿದ ಹಳೆಯ ‘ವಿಕ್ರಾಂತ್’ ಸುಮಾರು 700 ಅಡಿ ಉದ್ದವಿತ್ತು. ಅಷ್ಟಿದ್ದರೂ ವಿಮಾನವನ್ನು ಉಗಿಯ ಬಲದಿಂದ ಕವಣೆಯ ಕಲ್ಲಿನಂತೆ ಮುಂದಕ್ಕೆ ಎಸೆಯಬೇಕಾಗಿತ್ತು. ಮರಳಿ ಬಂದಾಗ ಅದರ ಬಾಲದ ಕೊಕ್ಕೆಯನ್ನು ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿಸಿ ನಿಲ್ಲಿಸಬೇಕಾಗಿತ್ತು. ಹೆಲಿಕಾಪ್ಟರಿಗಾದರೋ ಈ ಯಾವ ಪಾಡೂ ಇಲ್ಲ. ಅದರ ರೆಕ್ಕೆಯೇ ತಲೆಯ ಮೇಲೆ ತಿರುಗುತ್ತದೆ. ಯಂತ್ರ ನಿಂತಲ್ಲೇ ನಿಂತಿದ್ದರೂ ರೆಕ್ಕೆ ಓಡುತ್ತಲೇ ಇರುವುದರಿಂದ ಅದು ನೆಟ್ಟಗೆ ಮೇಲೇಳಬಲ್ಲದು, ಗಾಳಿಯಲ್ಲಿ ತಡೆದು ನಿಲ್ಲಬಲ್ಲದು. ಒಂದು ಮನೆಯ ಅಂಗಳದಷ್ಟು ಜಾಗ ಸಿಕ್ಕರೆ ಸಣ್ಣ ಹೆಲಿಕಾಪ್ಟರಿಗೆ ಅದೇ ವಿಮಾನನಿಲ್ದಾಣ. ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ಜರ್ಮನರು ಫ್ಲೆಟ್ನರ್ ಎಂಬವನು ರಚಿಸಿದ ಪುಟ್ಟ ಹೆಲಿಕಾಪ್ಟರುಗಳನ್ನು ಹಡಗಿನ ಮೇಲಿನ ವೇದಿಕೆಯಿಂದ ಹಾರಿಸಿ ನೋಡಿದ್ದರು. ಆದರೆ ಹೊರೆ ಹೊರಬಲ್ಲ ಹೆಲಿಕಾಪ್ಟರುಗಳು ಬಂದದ್ದು ಯುದ್ಧ ಮುಗಿದ ಮೇಲೆ.

ಇಂತಹ ಯಂತ್ರ ನೌಕಾಪಡೆಗಳಿಗೆ ಅಷ್ಟು ತುರ್ತಾಗಿ ಬೇಕಾದದ್ದೇಕೆ? ಉತ್ತರ, ಸಬ್‌ಮೆರೀನು. 1954ರಲ್ಲಿ ಅಮೆರಿಕದ ‘ನಾಟಿಲಸ್’ ಸೇವೆಗೆ ಸೇರಿದಾಗ ಅಣುಶಕ್ತಿಯಿಂದ ನಡೆಯುವ ಸಬ್‌ಮೆರೀನುಗಳ ಯುಗ ಆರಂಭವಾಯಿತು. ಹಳೆಯ ಸಬ್‌ಮೆರೀನು ಮೊಸಳೆಯಂತೆ ಆಗಾಗ ಮೇಲೆ ಬಂದು ಉಸಿರಾಡಬೇಕಾಗಿತ್ತು. ಹೊಸದಕ್ಕೆ ಆ ಕಟ್ಟಿಲ್ಲ. ವಾರಗಟ್ಟಲೆ ನೀರೊಳಗೇ ಇದ್ದು, ತನ್ನನ್ನು ಹುಡುಕುವ ಹಡಗಿನಷ್ಟೇ ವೇಗದಲ್ಲಿ ಅದು ಸಾಗಬಲ್ಲದು. ನೀರಿನೊಳಗೆ ಬೆಳಕು ದೂರ ಹೋಗದು, ರೇಡಾರಿನ ಅಲೆಯೂ ಹೋಗದು, ಶಬ್ದವೊಂದೇ ಹೋಗುತ್ತದೆ. ಶಬ್ದವನ್ನು ಕಳಿಸಿ ಮಾರ್ದನಿಯನ್ನು ಆಲಿಸುವ ಉಪಕರಣಕ್ಕೆ ಸೋನಾರ್ ಎಂದು ಹೆಸರು. ಹಡಗಿನ ತಳದಲ್ಲಿ ಸೋನಾರ್ ಇರುತ್ತದಾದರೂ ಅದಕ್ಕೆ ಎರಡು ಕುಂದುಗಳು. ಹಡಗಿನ ಯಂತ್ರದ ಗದ್ದಲವೇ ಅದರ ಕಿವಿಯನ್ನು ತುಂಬುತ್ತದೆ. ಆ ಗದ್ದಲವನ್ನು ಕೇಳಿದ ಸಬ್‌ಮೆರೀನು ಮೊದಲೇ ಎಚ್ಚರಗೊಳ್ಳುತ್ತದೆ. ಬೇಟೆಗಾರನ ಕಾಲಿನ ಗೆಜ್ಜೆ ಮೃಗಕ್ಕೆ ಕೇಳಿಸಿದಂತೆ!

ಹೆಲಿಕಾಪ್ಟರು ಈ ತೊಡಕನ್ನು ಸೊಗಸಾಗಿ ಬಿಡಿಸಿತು. ಅದು ಹಡಗನ್ನು ಬಿಟ್ಟು ಹತ್ತಿಪ್ಪತ್ತು ಮೈಲಿ ಮುಂದೆ ಹಾರಿ, ಅಲೆಗಳಿಗಿಂತ ಐವತ್ತು ಅಡಿಯಷ್ಟು ಮೇಲೆ ನಿಂತು, ಬಾವಿಗೆ ಕೊಡ ಇಳಿಬಿಟ್ಟಂತೆ ಸೋನಾರನ್ನು ಸಮುದ್ರಕ್ಕೆ ಇಳಿಬಿಡುತ್ತದೆ. ಕೆಲವು ನಿಮಿಷ ಆಲಿಸಿ, ಮೇಲಕ್ಕೆ ಸೇದಿಕೊಂಡು, ಗಂಟೆಗೆ ನೂರು ಮೈಲಿಯ ವೇಗದಲ್ಲಿ ಮತ್ತೊಂದೆಡೆಗೆ ಹೋಗಿ ಮತ್ತೆ ಇಳಿಬಿಡುತ್ತದೆ. ಸಮುದ್ರದ ನೀರು ಮೇಲೆ ಬೆಚ್ಚಗೂ ಕೆಳಗೆ ತಣ್ಣಗೂ ಇರುವುದರಿಂದ ಶಬ್ದ ಪದರ ಪದರಗಳಲ್ಲಿ ಬಾಗುತ್ತದೆ. ಆ ಬಾಗಿನ ಮರೆಯಲ್ಲಿ ಸಬ್‌ಮೆರೀನು ಅವಿತುಕೊಳ್ಳುವುದುಂಟು. ಇಳಿಬಿಟ್ಟ ಸೋನಾರು ಆ ಪದರವನ್ನೂ ದಾಟಿ ಕೆಳಗೆ ಇಣುಕುತ್ತದೆ. ಇನ್ನೂ ಮುಖ್ಯವಾದುದೆಂದರೆ, ಗಾಳಿಯಲ್ಲಿರುವ ಹೆಲಿಕಾಪ್ಟರಿನ ಮೇಲೆ ಸಬ್‌ಮೆರೀನು ಟಾರ್ಪೆಡೋ ಹಾರಿಸಲಾರದು.

ಇನ್ನು ನಾಲ್ಕು ದೇಶಗಳ ಕಥೆ. ಮೊದಲು ಇಟಲಿ. 1923ರಲ್ಲಿ ಮುಸೊಲಿನಿಯ ಸರಕಾರ ಪ್ರತ್ಯೇಕ ವಾಯುಪಡೆಯನ್ನು ಸ್ಥಾಪಿಸಿದಾಗ ಸೈನ್ಯದ ವಿಮಾನಗಳೆಲ್ಲ ಅದರ ವಶಕ್ಕೆ ಹೋದವು. ಇಟಲಿಯೇ ಮೆಡಿಟರೇನಿಯನ್ನಿನ ನಡುವೆ ಚಾಚಿದ ಭೂಮಿಯಾಗಿರುವಾಗ ನೌಕಾಪಡೆಗೆ ಬೇರೆ ವಿಮಾನವಾಹಕ ಏಕೆ ಎಂಬುದು ಆಗಿನ ವಾದ. ಅದರ ಬೆಲೆಯನ್ನು 1941ರ ಮಾರ್ಚಿಯಲ್ಲಿ ಮಟಪಾನ್ ಭೂಶಿರದ ಬಳಿ ತೆರಬೇಕಾಯಿತು. ಬ್ರಿಟಿಷರ ವಿಮಾನವಾಹಕ ‘ಫಾರ್ಮಿಡಬಲ್’ನಿಂದ ಬಂದ ವಿಮಾನಗಳು ಇಟಲಿಯ ಮಹಾನೌಕೆ ‘ವಿತ್ತೋರಿಯೋ ವೆನೆತೋ’ವನ್ನು ಗಾಯಗೊಳಿಸಿ, ‘ಪೋಲಾ’ ಎಂಬ ಕ್ರೂಸರನ್ನು ನಿಶ್ಚಲಗೊಳಿಸಿದವು. ಅದರ ನೆರವಿಗೆ ಹಿಂದಿರುಗಿದ ಎರಡು ಕ್ರೂಸರುಗಳೂ ‘ಪೋಲಾ’ವೂ ಅದೇ ರಾತ್ರಿ ಮುಳುಗಿದವು. ಎರಡು ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು.

ಯುದ್ಧ ಮುಗಿದು ಮುಸೊಲಿನಿ ಹೋದರೂ ಕಾನೂನು ಹೋಗಲಿಲ್ಲ. ನೌಕಾಪಡೆಗೆ ಸ್ಥಿರವಾದ ರೆಕ್ಕೆಯ ವಿಮಾನ ಕೂಡದು. ಆದರೆ ಹೆಲಿಕಾಪ್ಟರಿನ ರೆಕ್ಕೆ ಸ್ಥಿರವಲ್ಲವಷ್ಟೆ! ಇಟಲಿಯ ನಾವಿಕರು ಆ ದಾರಿಯನ್ನು ಹಿಡಿದರು. 1964ರಲ್ಲಿ ‘ಆಂದ್ರೆಯಾ ದೋರಿಯಾ’ ಮತ್ತು ‘ಕಾಯೋ ದುಯಿಲಿಯೋ’ ಎಂಬ ಎರಡು ಕ್ರೂಸರುಗಳು ಸೇವೆಗೆ ಬಂದವು. ಮುಂದೆ ಕ್ಷಿಪಣಿ, ಹಿಂದೆ ನಾಲ್ಕು ಹೆಲಿಕಾಪ್ಟರು. ಅವುಗಳ ಹಿಂಬದಿಯ ಬಯಲು ಇಕ್ಕಟ್ಟಾಯಿತೆಂದು ಕಂಡುಬಂದುದರಿಂದ, 1969ರಲ್ಲಿ ಬಂದ ಇನ್ನೂ ದೊಡ್ಡ ಹಡಗಿನಲ್ಲಿ ಹೆಲಿಕಾಪ್ಟರುಗಳ ಕೊಠಡಿಯನ್ನು ಬಯಲಿನ ಕೆಳಗೆ ನೆಲಮಾಳಿಗೆಯಂತೆ ಇರಿಸಿ, ಎರಡು ಲಿಫ್ಟುಗಳಿಂದ ಮೇಲೆತ್ತುವ ಏರ್ಪಾಡು ಮಾಡಿದರು. ಅದು ಒಂಬತ್ತು ಹೆಲಿಕಾಪ್ಟರುಗಳನ್ನು ಹೊರುತ್ತಿತ್ತು. ಅದಕ್ಕೆ ಇಟ್ಟ ಹೆಸರು ‘ವಿತ್ತೋರಿಯೋ ವೆನೆತೋ’. ಮಟಪಾನಿನಲ್ಲಿ ವಿಮಾನದ ಏಟು ತಿಂದ ಹಡಗಿನ ಹೆಸರೇ ಅದು.

ಫ್ರಾನ್ಸಿನ ಕಾರಣ ಬೇರೆ. ಆ ದೇಶದ ನೌಕಾಪಡೆಯಲ್ಲಿ ಅಧಿಕಾರಿಯಾಗಲಿರುವ ಯುವಕರು ಓದು ಮುಗಿಸಿದ ಮೇಲೆ ಹಡಗಿನಲ್ಲಿ ದೂರದ ಸಮುದ್ರಗಳನ್ನು ಸುತ್ತಿ ಕೆಲಸ ಕಲಿಯುವ ಸಂಪ್ರದಾಯವುಂಟು. ಹಳೆಯ ತರಬೇತಿ ಕ್ರೂಸರ್ ಮುಪ್ಪಾದಾಗ ಹೊಸದನ್ನು ಕಟ್ಟಬೇಕಾಯಿತು. ಶಾಂತಿಕಾಲದಲ್ಲಿ ಶಾಲೆಯಾಗಿ, ಯುದ್ಧಕಾಲದಲ್ಲಿ ಹೆಲಿಕಾಪ್ಟರ್ ವಾಹಕವಾಗಿ, ಒಂದೇ ಹಡಗು ಎರಡು ಕೆಲಸ ಮಾಡಲೆಂದು ಅವರು ಯೋಚಿಸಿದರು. 1964ರಲ್ಲಿ ಸೇವೆಗೆ ಬಂದ ‘ಜಾನ್ ದಾರ್ಕ್’ ಇಂತಹುದು. ಸುಮಾರು 600 ಅಡಿ ಉದ್ದ. ಅದರಲ್ಲಿ ಹಿಂಬದಿಯ 200 ಅಡಿ ಹೆಲಿಕಾಪ್ಟರುಗಳಿಗೆ. ಶಾಂತಿಕಾಲದಲ್ಲಿ ಕೆಳಗಿನ ಸ್ಥಳದ ಒಂದು ಭಾಗ ವಿದ್ಯಾರ್ಥಿಗಳ ವಸತಿಗೂ ಪಾಠದ ಕೋಣೆಗಳಿಗೂ ಮೀಸಲು. ಯುದ್ಧ ಬಂದರೆ ಅವನ್ನು ತೆಗೆದು ನಾಲ್ಕರ ಬದಲು ಎಂಟು ಹೆಲಿಕಾಪ್ಟರುಗಳನ್ನೂ 700 ಸೈನಿಕರನ್ನೂ ತುಂಬಬಹುದು. 2010ರವರೆಗೆ, ಅಂದರೆ 46 ವರ್ಷ, ಈ ತೇಲುವ ಕಾಲೇಜು ನಡೆಯಿತು. ನಮ್ಮಂತಹ ವಿದ್ಯಾರ್ಥಿಗಳಿಗೆ ಅಸೂಯೆ ಹುಟ್ಟಿಸುವ ಕಾಲೇಜು!

ರಷ್ಯನ್ನರನ್ನು ಪ್ರೇರಿಸಿದ್ದು ಭಯ. 1960ರಲ್ಲಿ ಅಮೆರಿಕ ‘ಪೊಲಾರಿಸ್’ ಎಂಬ ಅಣ್ವಸ್ತ್ರ ಕ್ಷಿಪಣಿಗಳನ್ನು ಸಬ್‌ಮೆರೀನಿನಲ್ಲಿ ಇರಿಸಿತು. ಮೆಡಿಟರೇನಿಯನ್ನಿನ ನೀರೊಳಗಿನಿಂದ ಸೋವಿಯೆತ್ ನಗರಗಳನ್ನು ಸುಡುವ ಸಾಧ್ಯತೆ ಒದಗಿತು. ಅವುಗಳನ್ನು ಹುಡುಕಲೆಂದೇ ಕಪ್ಪು ಸಮುದ್ರದ ಸಮೀಪದ ನಿಕೊಲಾಯೆವ್‌ನಲ್ಲಿ ‘ಮಾಸ್ಕ್ವಾ’ (1967) ಮತ್ತು ‘ಲೆನಿನ್‌ಗ್ರಾಡ್’ (1969) ಎಂಬ ಎರಡು ದೊಡ್ಡ ಹಡಗುಗಳು ತಯಾರಾದವು. ಮುಂದಿನ ಅರ್ಧದಲ್ಲಿ ಕ್ಷಿಪಣಿಗಳ ರಾಶಿ, ಹಿಂದಿನ ಅರ್ಧದಲ್ಲಿ ಹದಿನಾಲ್ಕು ಕಾಮೋವ್ ಹೆಲಿಕಾಪ್ಟರುಗಳು. ಕಾಮೋವ್‌ನಲ್ಲಿ ಒಂದರ ಮೇಲೊಂದು ಎರಡು ಚಕ್ರಗಳು ಎದುರುಬದುರು ದಿಕ್ಕಿಗೆ ತಿರುಗುತ್ತವೆ. ಹೀಗಾಗಿ ಬಾಲದ ಚಕ್ರ ಬೇಡ, ಬಾಲ ಗಿಡ್ಡವಾದರೆ ಹಡಗಿನಲ್ಲಿ ಜಾಗ ಉಳಿತಾಯ. ಹೆಲಿಕಾಪ್ಟರೇನೋ ಚೆನ್ನಾಗಿತ್ತು; ಹಡಗು ಚೆನ್ನಾಗಿರಲಿಲ್ಲ. ಬಿರುಗಾಳಿಯಲ್ಲಿ ಅದರ ಮೂತಿ ನೀರಿಗೆ ಕುಕ್ಕುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹಡಗು ಸಿದ್ಧವಾಗುವ ಹೊತ್ತಿಗೆ ಪೊಲಾರಿಸಿನ ಹಾರುವ ದೂರ ಸುಮಾರು ಇಮ್ಮಡಿಯಾಗಿತ್ತು. ಹುಡುಕಬೇಕಾದ ಸಮುದ್ರ ಬೆಳೆಯಿತು, ಹುಡುಕುವ ಹಡಗು ಬೆಳೆಯಲಿಲ್ಲ. ಮೂರನೆಯ ಹಡಗಿನ ಯೋಜನೆಯನ್ನು ಅವರು ಕೈಬಿಟ್ಟರು.

ಬ್ರಿಟಿಷರದು ಬಡತನದ ಕಥೆ. ಸಾಮ್ರಾಜ್ಯ ಕರಗಿ ಬೊಕ್ಕಸ ಬರಿದಾಗಿದ್ದಾಗ ಹೊಸ ಹಡಗಿಗೆ ಹಣವೆಲ್ಲಿ? ಮಹಾಯುದ್ಧದ ನಡುವೆ ಆರಂಭಿಸಿ ಬಹಳ ತಡವಾಗಿ ಮುಗಿಸಿದ ‘ಬ್ಲೇಕ್’ ಮತ್ತು ‘ಟೈಗರ್’ ಎಂಬ ಫಿರಂಗಿ ಕ್ರೂಸರುಗಳ ಹಿಂಬದಿಯ ಫಿರಂಗಿಯನ್ನು ಕಿತ್ತು, ಅಲ್ಲಿ ನಾಲ್ಕು ಹೆಲಿಕಾಪ್ಟರುಗಳಿಗೆ ಡಬ್ಬಿಯಂತಹ ಕೊಠಡಿಯನ್ನು ಕಟ್ಟಿದರು. ಈ ರಿಪೇರಿ ಮುಗಿದದ್ದು ಒಂದಕ್ಕೆ 1969ರಲ್ಲಿ, ಇನ್ನೊಂದಕ್ಕೆ 1972ರಲ್ಲಿ. 1979 ಮುಗಿಯುವ ಮೊದಲೇ ಎರಡೂ ನಿವೃತ್ತವಾದವು. ಹಳೆಯ ಅಂಗಿಗೆ ಹೊಸ ತೇಪೆ ಹಾಕಿದಂತಾಯಿತು.

ಆದರೆ ಇದೇ ಬ್ರಿಟಿಷರು ಹೆಲಿಕಾಪ್ಟರಿನ ಇನ್ನೊಂದು ಉಪಯೋಗವನ್ನು ಎಲ್ಲರಿಗಿಂತ ಮೊದಲು ತೋರಿಸಿದ್ದರು. 1956ರ ನವೆಂಬರ್ 6ರಂದು, ಸೂಯೆಜ್ ಕಾಲುವೆಯ ಕಲಹದಲ್ಲಿ, ‘ಓಷನ್’ ಮತ್ತು ‘ಥೀಸಿಯಸ್’ ಎಂಬ ಹಡಗುಗಳಿಂದ ಹೆಲಿಕಾಪ್ಟರುಗಳು ಹಾರಿ ಪೋರ್ಟ್ ಸೈದಿನಲ್ಲಿ ಸುಮಾರು ಒಂದೂವರೆ ಗಂಟೆಯೊಳಗೆ ನಾನೂರಕ್ಕೂ ಹೆಚ್ಚು ಸೈನಿಕರನ್ನು ಇಳಿಸಿದವು. ಕಡಲಿನಿಂದ ಹೆಲಿಕಾಪ್ಟರ್ ಮೂಲಕ ನಡೆದ ಮೊದಲ ಆಕ್ರಮಣ ಇದೇ. ಭಾರತವೂ ಸೇರಿ ಜಗತ್ತಿನ ಬಹುಪಾಲು ದೇಶಗಳು ಖಂಡಿಸಿದ್ದರಿಂದ ಆ ದಂಡಯಾತ್ರೆ ರಾಜಕೀಯವಾಗಿ ನೆಲಕಚ್ಚಿತು. ಪಾಠ ಮಾತ್ರ ಉಳಿಯಿತು. ಮುಂದೆ ‘ಬಲ್ವರ್ಕ್’, ‘ಆಲ್ಬಿಯನ್’ ಮತ್ತು ‘ಹರ್ಮೀಸ್’ ಎಂಬ ವಿಮಾನವಾಹಕಗಳನ್ನು ಸೈನಿಕರನ್ನೂ ಹೆಲಿಕಾಪ್ಟರುಗಳನ್ನೂ ಒಯ್ಯುವ ಹಡಗುಗಳಾಗಿ ಮಾರ್ಪಡಿಸಿದರು. ‘ಹರ್ಮೀಸ್’ 1987ರಲ್ಲಿ ‘ವಿರಾಟ್’ ಎಂಬ ಹೆಸರಿನಿಂದ ನಮ್ಮ ನೌಕಾಪಡೆಗೆ ಸೇರಿ 2017ರವರೆಗೆ ದುಡಿಯಿತು.

ದೊಡ್ಡ ಹಡಗುಗಳ ಮಾತು ಹೀಗಾಯಿತು. ಅದೇ ವೇಳೆಯಲ್ಲಿ ಸದ್ದಿಲ್ಲದೆ ಬೇರೊಂದು ಬದಲಾವಣೆ ನಡೆದಿತ್ತು. ನಾಲ್ಕು ಹೆಲಿಕಾಪ್ಟರುಗಳಿಗಾಗಿ ಒಂದು ದೊಡ್ಡ ಹಡಗೇಕೆ, ನಾಲ್ಕು ಸಣ್ಣ ಹಡಗುಗಳಲ್ಲಿ ಒಂದೊಂದು ಇಟ್ಟರಾಗದೆ? 1960ರ ದಶಕದ ಆರಂಭದಲ್ಲಿಯೇ ಬ್ರಿಟಿಷರು ತಮ್ಮ ಫ್ರಿಗೇಟ್ ಎಂಬ ಸಣ್ಣ ಯುದ್ಧನೌಕೆಗಳಲ್ಲಿ ‘ವಾಸ್ಪ್’ ಎಂಬ ಪುಟ್ಟ ಹೆಲಿಕಾಪ್ಟರನ್ನು ಇರಿಸತೊಡಗಿದರು. ಸಣ್ಣ ಹಡಗಿನ ಕಷ್ಟವೆಂದರೆ ಅದರ ಮೇಲಟ್ಟ ತೊಟ್ಟಿಲಿನಂತೆ ತೂಗುವುದು. ಇಳಿಯುವ ಹೆಲಿಕಾಪ್ಟರು ಜಾರಿ ಸಮುದ್ರಕ್ಕೆ ಬಿದ್ದೀತು. ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ರಚಿಸಿದ, 1971ರಲ್ಲಿ ಮೊದಲು ಹಾರಿದ ‘ಲಿಂಕ್ಸ್’ ಹೆಲಿಕಾಪ್ಟರಿನಲ್ಲಿ ಇದಕ್ಕೆ ಜಾಣತನದ ಉಪಾಯವಿತ್ತು. ಇಳಿದ ಕ್ಷಣದಲ್ಲಿ ಅದರ ಹೊಟ್ಟೆಯಿಂದ ಒಂದು ಭರ್ಜಿ ಕೆಳಗಿಳಿದು ಮೇಲಟ್ಟದಲ್ಲಿ ಕೂರಿಸಿದ ಉಕ್ಕಿನ ಜಾಲರಿಯನ್ನು ಕಚ್ಚಿ ಹಿಡಿಯುತ್ತದೆ. ತಲೆಯ ಮೇಲಿನ ರೆಕ್ಕೆಗಳು ಓರೆ ಬದಲಿಸಿ, ಮೇಲೆತ್ತುವ ಬದಲು ಯಂತ್ರವನ್ನು ಕೆಳಕ್ಕೆ ಒತ್ತುತ್ತವೆ.

ಈ ಸಣ್ಣ ಏರ್ಪಾಡಿನಿಂದ ಎಷ್ಟು ದೊಡ್ಡ ಕೆಲಸವಾಗಬಲ್ಲದೆಂಬುದನ್ನು 1982ರ ಫಾಕ್‌ಲೆಂಡ್ ಯುದ್ಧ ತೋರಿಸಿತು. ದಕ್ಷಿಣ ಜಾರ್ಜಿಯ ದ್ವೀಪದ ಹಿಮನದಿಯ ಮೇಲೆ ಬ್ರಿಟಿಷ್ ಸೈನಿಕರ ತಂಡವೊಂದು ಬಿರುಗಾಳಿಗೆ ಸಿಕ್ಕಿತು. ಏಪ್ರಿಲ್ 22ರಂದು ಅವರನ್ನು ಕರೆತರಲು ಹೋದ ಮೂರು ಹೆಲಿಕಾಪ್ಟರುಗಳಲ್ಲಿ ಎರಡು ಮಂಜಿನಲ್ಲಿ ದಾರಿಗಾಣದೆ ಅಪ್ಪಳಿಸಿದವು. ಉಳಿದದ್ದು ‘ಆಂಟ್ರಿಮ್’ ಎಂಬ ಹಡಗಿನ ಒಂದೇ ಹೆಲಿಕಾಪ್ಟರು. ಅದು ಮರಳಿ ಹೋಗಿ ಎಲ್ಲರನ್ನೂ ತುರುಕಿಕೊಂಡು ಜೀವಸಹಿತ ಹಡಗಿಗೆ ತಂದಿತು. ಮೂರು ದಿನಗಳಾದ ಮೇಲೆ, ಏಪ್ರಿಲ್ 25ರಂದು, ಅದೇ ಹೆಲಿಕಾಪ್ಟರು ಅರ್ಜೆಂಟೀನದ ‘ಸಾಂತಾ ಫೆ’ ಎಂಬ ಸಬ್‌ಮೆರೀನನ್ನು ಕಂಡುಹಿಡಿದು ಸಿಡಿಗುಂಡುಗಳಿಂದ ಊನಗೊಳಿಸಿತು. ಬೇರೆ ಹಡಗುಗಳ ಹೆಲಿಕಾಪ್ಟರುಗಳೂ ಕೂಡಿಕೊಂಡವು. ಅಂದೇ ಅಲ್ಲಿಯ ಕಾವಲು ಪಡೆ ಶರಣಾಯಿತು. ಒಂದೇ ವಾರದಲ್ಲಿ ಒಂದೇ ಯಂತ್ರ ಜೀವ ಉಳಿಸಿತು, ಹಡಗನ್ನೂ ಸೋಲಿಸಿತು.

ಇಲ್ಲಿ ನಮ್ಮ ನಾಡಿನ ಮಾತೊಂದನ್ನು ಹೇಳಬೇಕು. ಬ್ರಿಟಿಷರ ‘ಲಿಯಾಂಡರ್’ ಮಾದರಿಯ ಫ್ರಿಗೇಟನ್ನು ಅನುಸರಿಸಿ ಮುಂಬಯಿಯಲ್ಲಿ ಕಟ್ಟಿದ ‘ನೀಲಗಿರಿ’ 1972ರಲ್ಲಿ ನಮ್ಮ ನೌಕಾಪಡೆಗೆ ಸೇರಿತು. ಆ ಬಗೆಯ ಹಡಗುಗಳಿಂದ ಹಾರಿದ ‘ಚೇತಕ್’ ಹೆಲಿಕಾಪ್ಟರು ಫ್ರೆಂಚರ ‘ಅಲೂಯೆತ್’ನ ಭಾರತೀಯ ರೂಪ, ತಯಾರಾದದ್ದು ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ. ‘ಜಾನ್ ದಾರ್ಕ್’ ಮೇಲೆ ಫ್ರೆಂಚ್ ಹುಡುಗರು ಕಲಿತದ್ದೂ ಇದೇ ಅಲೂಯೆತ್‌ನಲ್ಲಿ. ಕಡಲಿನಿಂದ ಇನ್ನೂರು ಮೈಲಿ ದೂರದ ಬೆಂಗಳೂರಿಗೂ ನೌಕಾಯುದ್ಧಕ್ಕೂ ಹೀಗೆ ನಂಟು ಬೆಳೆಯಿತು.

ಈಗ ಆ ಅರ್ಧ ಕ್ರೂಸರ್, ಅರ್ಧ ವಾಹಕ ಹಡಗುಗಳ ಗತಿಯೇನಾಯಿತು? ಒಂದೂ ಉಳಿದಿಲ್ಲ. ಕಾರಣ ಸರಳ. ಮುಂದಿನ ಕ್ಷಿಪಣಿಗಳೂ ನಡುವಿನ ಗೋಪುರವೂ ಹಡಗಿನ ಬಹುಭಾಗವನ್ನು ತಿಂದುಬಿಡುತ್ತವೆ. ಗೋಪುರಕ್ಕೆ ಬಡಿದ ಗಾಳಿ ಹಿಂದೆ ಸುಳಿಸುಳಿಯಾಗಿ ತಿರುಗಿ ಇಳಿಯುವ ಹೆಲಿಕಾಪ್ಟರನ್ನು ತೊನೆದಾಡಿಸುತ್ತದೆ. ಒಂದೆರಡು ಸಾಕೆಂದರೆ ಫ್ರಿಗೇಟಿದೆ. ಹತ್ತಾರು ಬೇಕೆಂದರೆ ಮೂತಿಯಿಂದ ಬಾಲದವರೆಗೆ ಬಯಲಾದ ಹಡಗೇ ಬೇಕು. ಎಲ್ಲರೂ ಒಬ್ಬೊಬ್ಬರಾಗಿ ಅಲ್ಲಿಗೇ ಬಂದರು. ಬ್ರಿಟನ್ನಿನ ‘ಇನ್‌ವಿನ್ಸಿಬಲ್’ 1980ರಲ್ಲಿ, ಇಟಲಿಯ ‘ಗರಿಬಾಲ್ಡಿ’ 1985ರಲ್ಲಿ ಬಂದವು. ‘ಗರಿಬಾಲ್ಡಿ’ ಬಂದಾಗಲೂ ಇಟಲಿಯ ಹಳೆಯ ಕಾನೂನು ಇದ್ದೇ ಇತ್ತು! ಅದು ಸಡಿಲವಾದದ್ದು 1989ರಲ್ಲಿ. ರಷ್ಯನ್ನರು ‘ಮಾಸ್ಕ್ವಾ’ದ ತರುವಾಯ ನಿಕೊಲಾಯೆವ್‌ನಲ್ಲಿಯೇ ಕಟ್ಟಿದ ನಾಲ್ಕು ದೊಡ್ಡ ಹಡಗುಗಳೂ ಮುಂದೆ ಕ್ಷಿಪಣಿ, ಪಕ್ಕದಲ್ಲಿ ಬಯಲು ಎಂಬ ಮಿಶ್ರ ರೂಪದವೇ. ಅವುಗಳಲ್ಲಿ ಕೊನೆಯದನ್ನು ನಮ್ಮ ದೇಶ ಕೊಂಡು, ಮುಂಬದಿಯ ಕ್ಷಿಪಣಿಗಳನ್ನೆಲ್ಲ ತೆಗೆಸಿ, ಪೂರ್ತಿ ಬಯಲು ಮಾಡಿಸಿ, 2013ರಲ್ಲಿ ‘ವಿಕ್ರಮಾದಿತ್ಯ’ ಎಂಬ ಹೆಸರಿನಿಂದ ನೌಕಾಪಡೆಗೆ ಸೇರಿಸಿಕೊಂಡಿತು. 2014ರ ಜನವರಿಯಲ್ಲಿ ಅದು ಬಂದು ನಿಂತದ್ದು ನಮ್ಮ ಕಾರವಾರದಲ್ಲಿ. ಅರ್ಧ ಅರ್ಧದ ಹಡಗು ಹೇಗೆ ಪೂರ್ಣವಾಯಿತೆಂಬ ಇತಿಹಾಸದ ಕೊನೆಯ ಪುಟ ಹೀಗೆ ಕನ್ನಡ ಕರಾವಳಿಗೆ ಸೇರಿದೆ.

ಹಾಗಾದರೆ ಆ ವಿಚಿತ್ರ ಹಡಗುಗಳು ವ್ಯರ್ಥವೇ? ಯುದ್ಧದ ಲೆಕ್ಕದಲ್ಲಿ ನೋಡಿದರೆ ಹಾಗೆನ್ನಿಸಬಹುದು. ‘ವಿತ್ತೋರಿಯೋ ವೆನೆತೋ’ ತಾನು ಯಾವ ಸಬ್‌ಮೆರೀನಿಗಾಗಿ ಹುಟ್ಟಿತೋ ಅಂತಹ ಒಂದನ್ನೂ ಮುಳುಗಿಸಲಿಲ್ಲ. ಆದರೆ 1979ರ ಬೇಸಿಗೆಯಲ್ಲಿ ಅದು ಮಾಡಿದ ಕೆಲಸವನ್ನು ಓದಿದ ಮೇಲೆ ನನ್ನ ಎಣಿಕೆ ಬದಲಾಯಿತು. ಆಗ ವಿಯೆಟ್ನಾಮಿನಿಂದ ಸಾವಿರಾರು ಜನ ಮುರುಕು ದೋಣಿಗಳಲ್ಲಿ ಹೆಂಡಿರು ಮಕ್ಕಳೊಡನೆ ಸಮುದ್ರಕ್ಕೆ ಬಿದ್ದು ಓಡುತ್ತಿದ್ದರು. ನೀರಡಿಕೆಯಿಂದಲೂ ಬಿರುಗಾಳಿಯಿಂದಲೂ ಕಡಲ್ಗಳ್ಳರ ಕೈಯಲ್ಲೂ ಸತ್ತವರಿಗೆ ಲೆಕ್ಕವಿಲ್ಲ. ಇಟಲಿಯ ಸರಕಾರ ‘ವಿತ್ತೋರಿಯೋ ವೆನೆತೋ’, ‘ಆಂದ್ರೆಯಾ ದೋರಿಯಾ’ ಮತ್ತು ‘ಸ್ತ್ರೊಂಬೊಲಿ’ ಎಂಬ ಮೂರು ಹಡಗುಗಳನ್ನು ಅರ್ಧ ಭೂಮಂಡಲ ದಾಟಿಸಿ ದಕ್ಷಿಣ ಚೀನಾ ಸಮುದ್ರಕ್ಕೆ ಕಳುಹಿಸಿತು. ಸಬ್‌ಮೆರೀನನ್ನು ಅರಸಬೇಕಾಗಿದ್ದ ಹೆಲಿಕಾಪ್ಟರುಗಳು ದೋಣಿಗಳನ್ನು ಅರಸಿದವು. ಸುಮಾರು 900 ಜನರನ್ನು ಹಡಗಿಗೆ ಹತ್ತಿಸಿಕೊಂಡು ಆಗಸ್ಟ್ ತಿಂಗಳಿನಲ್ಲಿ ಅವು ವೆನಿಸ್ ನಗರಕ್ಕೆ ಮರಳಿದವು.

ಅಲ್ಲಿಂದ ಮುಂದೆ ಇದು ಈ ಹಡಗುಗಳ ಎರಡನೆಯ ವೃತ್ತಿಯೇ ಆಗಿದೆ. 2004ರ ಡಿಸೆಂಬರಿನ ಸುನಾಮಿ ಸುಮಾತ್ರವನ್ನು ಹಾಳುಗೆಡವಿದಾಗ ‘ಜಾನ್ ದಾರ್ಕ್’ ತನ್ನ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿ, ರಸ್ತೆ ಕೊಚ್ಚಿಹೋದ ಊರುಗಳಿಗೆ ಹೆಲಿಕಾಪ್ಟರಿನಲ್ಲಿ ಅನ್ನ ಔಷಧಿಗಳನ್ನು ಮುಟ್ಟಿಸಿತು. ಫ್ರೆಂಚರ ಹೊಸ ‘ಮಿಸ್ತ್ರಾಲ್’, 650 ಅಡಿಯ ಬಯಲಿನ, ಹದಿನಾರು ಹೆಲಿಕಾಪ್ಟರುಗಳ ಹಡಗು, 2006ರಲ್ಲಿ ಲೆಬನಾನಿನ ಯುದ್ಧದಿಂದ ನಾಗರಿಕರನ್ನು ಹೊರತಂದಿತು. ಈ ಬಗೆಯ ಹಡಗಿನಲ್ಲಿ 69 ಹಾಸಿಗೆಗಳ ಆಸ್ಪತ್ರೆಯನ್ನೇ ಕಟ್ಟಿರುತ್ತಾರೆ. ಅದರ ತಂಗಿ ‘ದಿಕ್ಸ್‌ಮ್ಯೂದ್’ 2023ರ ಕೊನೆಯಲ್ಲಿ ಈಜಿಪ್ಟಿನ ಎಲ್ ಅರಿಷ್ ಬಂದರಿನಲ್ಲಿ ನಿಂತು ಗಾಜಾದ ಗಾಯಾಳುಗಳಿಗೆ ಚಿಕಿತ್ಸೆ ನೀಡಿತು. ಇದೇ ಬಗೆಯ ಹಡಗುಗಳು 2011ರಲ್ಲಿ ಲಿಬಿಯದ ಮೇಲೆ ದಾಳಿ ಮಾಡುವ ಹೆಲಿಕಾಪ್ಟರುಗಳನ್ನೂ ಹಾರಿಸಿದವೆಂಬುದನ್ನು ಮರೆಯುವಂತಿಲ್ಲ. ಯಂತ್ರಕ್ಕೆ ದಯೆಯೂ ಇಲ್ಲ, ಕ್ರೌರ್ಯವೂ ಇಲ್ಲ. ಕಳುಹಿಸುವವನ ಮನಸ್ಸು ಹೇಗೋ ಹಾಗೆ.

ಫಿರಂಗಿಯಿಂದ ಒಂದೇ ಕೆಲಸ ಆದೀತು. ಕ್ಷಿಪಣಿಯಿಂದಲೂ ಅಷ್ಟೇ. ಆದರೆ ಮೇಲೇಳಬಲ್ಲ, ನಿಲ್ಲಬಲ್ಲ, ಹಗ್ಗ ಇಳಿಬಿಡಬಲ್ಲ ಯಂತ್ರದಿಂದ ಅದನ್ನು ಮಾಡಿದವನು ನೆನೆಯದ ಕೆಲಸಗಳೂ ಆಗುತ್ತವೆ. ಕಾನೂನು, ಶಾಲೆ, ಭಯ, ಬಡತನ ಎಂಬ ನಾಲ್ಕು ಕಾರಣಗಳಿಂದ ಹುಟ್ಟಿದ ಹಡಗುಗಳು ನಾಲ್ಕು ಕಾರಣಗಳೂ ಮಾಸಿದ ಮೇಲೆ ಗುಜರಿಗೆ ಹೋದವು. ಅವುಗಳ ಹಿಂಬದಿಯ ಆ ಬಯಲು ಮಾತ್ರ ಯೂರೋಪಿನ ಪ್ರತಿಯೊಂದು ಮುಖ್ಯ ಯುದ್ಧನೌಕೆಗೂ ಅಂಟಿಕೊಂಡು ಉಳಿಯಿತು. 1979ರಲ್ಲಿ ವೆನಿಸ್ ಬಂದರಿನಲ್ಲಿ ಇಳಿದ ಒಂಬೈನೂರು ಮಂದಿ ಮತ್ತು ಅವರ ಮಕ್ಕಳು ಮೊಮ್ಮಕ್ಕಳ ಪಾಲಿಗೆ, ಆ ಬಯಲು ಏತಕ್ಕಾಗಿ ನಿರ್ಮಾಣವಾಗಿತ್ತೆಂಬ ಪ್ರಶ್ನೆಗೆ ಉತ್ತರ ಒಂದೇ ಇರಬಲ್ಲದು.